ಬೆಳಗ್ಗೆ ಆರಕ್ಕೆ ಮಾತ್ರ ಹೋಗುತ್ತಿದ್ದ ಬೆಳಕು: ಶಿಡ್ಲಘಟ್ಟ ಕಡೆಯ ಒಂದು ಫೈಬರ್ ಪ್ರಕರಣ

‘ಬೆಳಗ್ಗೆ ಆರಕ್ಕೆ ಹೋಗುತ್ತೆ, ಎಂಟೂವರೆಗೆ ತಾನಾಗೇ ಬರುತ್ತೆ ಕಣಪ್ಪ. ನೀನು ಹತ್ತು ಗಂಟೆಗೆ ಬಂದು ನೋಡಿ ಎಲ್ಲಾ ಸರಿ ಇದೆ ಅಂತೀಯ. ಒಂದು ದಿನ ಆರಕ್ಕೆ ಬಾ, ಗೊತ್ತಾಗುತ್ತೆ.’

ಹಾಲಿನ ಡೈರಿಯ ಸೆಕ್ರೆಟರಿಯವರು ಅಲ್ಲಿಯ ಇಂಟರ್ನೆಟ್ ಬಗ್ಗೆ ಫೋನಿನಲ್ಲಿ ಹೀಗೆ ಹೇಳಿದ್ದು ಜನವರಿ ಎರಡನೇ ವಾರದಲ್ಲಿ. ಅಷ್ಟು ಹೊತ್ತಿಗೆ ಆ ಒಂದೇ ಊರಿನಿಂದ ಒಂಬತ್ತು ದೂರು ಬಂದಿದ್ದವು. ಎರಡು ಸಲ ನಮ್ಮ ಹುಡುಗರು ಹೋಗಿದ್ದರು, ಒಂದು ಸಲ ನಾನೇ ಹೋಗಿದ್ದೆ. ಮೂರೂ ಸಲ ಹಗಲು ಹೊತ್ತು. ಮೂರೂ ಸಲ ಮೋಡೆಮ್ ಮೇಲೆ ಹಸಿರು ದೀಪ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಒಂದು ಸಣ್ಣ ಇಂಟರ್ನೆಟ್ ಸಂಸ್ಥೆಗೆ ಫೈಬರ್ ಜಾಯಿಂಟ್ ಹಾಕುವ ಕೆಲಸ ಮಾಡುತ್ತೇನೆ. ಈ ಪ್ರಕರಣವನ್ನು ಬರೆದಿಡುತ್ತಿರುವುದು ಇದೇ ಕೆಲಸದಲ್ಲಿರುವ ಬೇರೆಯವರಿಗಾಗಿ. ಡಿಸೆಂಬರಿನಲ್ಲಿ ಜೆಸಿಬಿಗೆ ಸಿಕ್ಕಿ ಕೇಬಲ್ ತುಂಡಾದ ರಾತ್ರಿ ನಾವು ಹಾಕಿದ ಜಾಯಿಂಟ್‌ಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ತೊಂದರೆ ಅಲ್ಲಿಂದ ಸುಮಾರು 180 ಮೀಟರ್ ಆಚೆ ಇತ್ತು. ಅದನ್ನು ಆ ರಾತ್ರಿಯೇ ನಾನು ತೆರೆದು ನೋಡಬೇಕಿತ್ತು.

ದಾರಿ ಮತ್ತು ಲೆಕ್ಕ

ನಮ್ಮ ಕಚೇರಿಯಿಂದ ಆ ಊರಿಗೆ ಕೇಬಲ್ ದಾರಿಯಲ್ಲಿ ಸುಮಾರು 11 ಕಿಲೋಮೀಟರ್. ಮೊದಲ ನಾಲ್ಕು ಕಿಲೋಮೀಟರ್ ಚಿಲ್ಲರೆ ನೆಲದಡಿ, ಪೈಪಿನೊಳಗೆ. ಆಮೇಲೆ ಒಂದು ಕಂಬದ ಬುಡದಲ್ಲಿ ಕಬ್ಬಿಣದ ಪೈಪಿನೊಳಗಿಂದ ಮೇಲೆ ಹತ್ತುತ್ತದೆ. ಅಲ್ಲಿಂದ ಕಂಬದಿಂದ ಕಂಬಕ್ಕೆ. ಹತ್ತುವ ಕಂಬದ ಮೇಲೆ ಒಂದು ಜಾಯಿಂಟ್ ಬಾಕ್ಸ್ ಇದೆ. ನೆಲದ ಕೇಬಲ್ಲೂ ಮೇಲಿನ ಕೇಬಲ್ಲೂ ಸೇರುವುದು ಅದರಲ್ಲೇ. ಎರಡರಲ್ಲೂ ಬೆಳಕು ಓಡುವ 24 ಗಾಜಿನ ಎಳೆ. ನಾಲ್ಕು ಟ್ಯೂಬ್, ಒಂದೊಂದರಲ್ಲಿ ಆರು.

ಊರಿಗೆ ಹೋಗುವುದು ಇದರಲ್ಲಿ ಒಂದೇ ಎಳೆ, ಎರಡನೇ ಟ್ಯೂಬಿನ ಕಂದು ಬಣ್ಣದ್ದು. ಊರಿನ ಬಾಗಿಲಲ್ಲಿ ಸ್ಪ್ಲಿಟರ್ ಅದನ್ನು ನಾಲ್ಕಾಗಿ ಮಾಡುತ್ತದೆ, ಬೀದಿಗಳಲ್ಲಿ ಒಂದೊಂದೂ ಹದಿನಾರಾಗುತ್ತದೆ. ಒಟ್ಟು 46 ಸಂಪರ್ಕ. ಸ್ಪ್ಲಿಟರ್ ಬೆಳಕನ್ನು ಹಂಚುತ್ತದೆ ಅಷ್ಟೇ, ಹೆಚ್ಚಿಸುವುದಿಲ್ಲ. ನಾಲ್ಕಕ್ಕೆ ಹಂಚಿದರೆ ಸುಮಾರು 7 ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಕಳೆಯಿತು ಅನ್ನುವ ಅಳತೆ), ಹದಿನಾರಕ್ಕೆ ಹಂಚಿದರೆ ಸುಮಾರು 14 ಡಿಬಿ ಕಳೆಯಿತು. ದಾರಿಯ ಗಾಜು, ಜಾಯಿಂಟ್, ಕನೆಕ್ಟರ್ ಎಲ್ಲಾ ಸೇರಿ ಇನ್ನೊಂದು ಐದು. ಕಚೇರಿಯಿಂದ ಬೆಳಕು ಕಳಿಸುವ ಯಂತ್ರ ಓಎಲ್‌ಟಿ ಪ್ಲಸ್ 4 ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ) ಕಳಿಸಿದರೆ ಮನೆ ತಲುಪುವುದು ಮೈನಸ್ 22ರ ಆಸುಪಾಸು. ಮೋಡೆಮ್ ಮೈನಸ್ 27ರವರೆಗೆ ತಡೆದುಕೊಳ್ಳುತ್ತದೆ. ಹಾಗಾದರೆ ನಮ್ಮ ಕೈಯಲ್ಲಿ ಉಳಿಯುವುದು ಐದು ಡಿಬಿ ಮಾತ್ರ. ಈ ಐದನ್ನು ನೆನಪಿಡಿ.

ಅದೇ ಟ್ಯೂಬಿನ ಇನ್ನೊಂದು ಎಳೆ ಒಂದು ಮೊಬೈಲ್ ಟವರಿಗೆ ಹೋಗುತ್ತದೆ. ಅದರ ದಾರಿಯಲ್ಲಿ ಸ್ಪ್ಲಿಟರ್ ಇಲ್ಲ, ಬೆಳಕು ಧಾರಾಳ. ಉಳಿದ ನಾಲ್ಕು ಎಳೆ ಖಾಲಿ.

ಕೇಬಲ್ ತುಂಡಾದ ಸಂಜೆ

ಡಿಸೆಂಬರ್ ಕೊನೆಯ ವಾರ, ಸಂಜೆ ಐದೂವರೆ. ರಸ್ತೆ ಬದಿಯಲ್ಲಿ ಕುಡಿಯುವ ನೀರಿನ ಪೈಪಿಗೆ ಜೆಸಿಬಿಯಲ್ಲಿ ಅಗೆಯುತ್ತಿದ್ದರು. ಸರ್ಕಾರಿ ಜಾಲಗಳಲ್ಲಿ ಕೇಬಲ್ ಹೂಳುವ ರೂಢಿಯ ಆಳ 1.65 ಮೀಟರ್. ಆ ಜಾಗದಲ್ಲಿ ಬಂಡೆ ಸಿಕ್ಕಿತ್ತು, ನಮ್ಮ ಪೈಪನ್ನು ಮೂರು ಅಡಿಗೇ ನಿಲ್ಲಿಸಿದ್ದರು. ಅಗೆಯುವ ಮುಂಚೆ ಕೇಬಲ್‌ನವರಿಗೆ ತಿಳಿಸಲು ಅಂತಲೇ ‘ಕಾಲ್ ಬಿಫೋರ್ ಯು ಡಿಗ್’ ಆಪ್ 2023ರ ಮಾರ್ಚ್‌ನಲ್ಲಿ ಬಂದಿದೆ. ಆ ದಿನ ಅದರಲ್ಲಿ ನಮಗೆ ಯಾವ ಸೂಚನೆಯೂ ಬಂದಿರಲಿಲ್ಲ.

ಜೆಸಿಬಿ ಹಲ್ಲಿಗೆ ಸಿಕ್ಕ ಕೇಬಲ್ ಕುಡುಗೋಲಿಗೆ ಸಿಕ್ಕ ಹುಲ್ಲಿನ ಹಾಗೆ ಕಚ್ ಅಂತ ತುಂಡಾಗುವುದಿಲ್ಲ. ಮೊದಲು ಬಕೆಟ್ ಅದನ್ನು ಎತ್ತುತ್ತದೆ. ಕೇಬಲ್ ಎರಡೂ ಕಡೆಯಿಂದ ಜಗ್ಗುತ್ತದೆ. ಕೇಬಲ್ಲಿಗೆ ಬಲ ಕೊಡುವ ಮಧ್ಯದ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ತಡೆಯುವಷ್ಟು ತಡೆದು ಆಮೇಲೆ ಹರಿಯುತ್ತದೆ. ನಮ್ಮ ಪೈಪು ಪಿಎಲ್‌ಬಿ. ಕೇಬಲ್ ಸುಲಭವಾಗಿ ಜಾರಲಿ ಅಂತ ಅದರ ಒಳಗೋಡೆಯನ್ನು ನುಣುಪಾಗಿ ಮಾಡಿರುತ್ತಾರೆ. ಹೊಸ ಕೇಬಲ್ ಹಾಕುವಾಗ ಇದು ದೊಡ್ಡ ಉಪಕಾರ. ಆದರೆ ಒಂದು ಕಡೆ ಎಳೆದ ಎಳೆತ ನೂರಾರು ಅಡಿ ಆಚೆಗೂ ಹೋಗಿ ಮುಟ್ಟುವುದು ಇದೇ ನುಣುಪಿನಿಂದ.

ನಾವು ಇಬ್ಬರು ಹೋದೆವು. ಹರಿದ ಜಾಗದ ಎರಡೂ ಕಡೆ ಒಳ್ಳೆಯ ಕೇಬಲ್ ಸಿಗುವವರೆಗೆ ಕತ್ತರಿಸಿ, ಮಧ್ಯೆ 30 ಮೀಟರ್ ಹೊಸ ತುಂಡು ಹಾಕಿದೆವು. ಎರಡು ಹೊಸ ಜಾಯಿಂಟ್ ಬಾಕ್ಸ್, ಒಟ್ಟು 48 ಸ್ಪ್ಲೈಸ್, ಅಂದರೆ ಎಳೆಗೆ ಎಳೆ ಬೆಸೆಯುವುದು. ಜೊತೆಯ ಹುಡುಗ ಕೇಬಲ್ಲಿನೊಳಗಿನ ಜೆಲ್ಲಿ ಒರೆಸಿ ಎಳೆ ಸಿದ್ಧ ಮಾಡಿಕೊಡುವುದು, ನಾನು ಮಷಿನ್ ಮುಂದೆ ಕೂರುವುದು. ವ್ಯಾನಿನ ಹಿಂಬದಿ ಬಾಗಿಲಿಗೆ ಟಾರ್ಪಾಲಿನ್ ಇಳಿಬಿಟ್ಟು ಗಾಳಿ ತಡೆದಿದ್ದೆವು.

ಈ ಕೆಲಸ ಹತ್ತಿರದಿಂದ ನೋಡದವರಿಗೆ ಒಂದು ಎಳೆಯ ಕತೆ ಹೇಳುತ್ತೇನೆ. ಮೊದಲು ಸ್ಲೀವ್, ಅಂದರೆ ಜಾಯಿಂಟ್ ಕಾಯುವ ಸಣ್ಣ ಕೊಳವೆ, ತೂರಿಸಬೇಕು. ಅದನ್ನು ಮರೆತರೆ ಜಾಯಿಂಟ್ ಆದ ಮೇಲೆ ಮತ್ತೆ ಕತ್ತರಿಸಬೇಕು. ಮೇಲಿನ ಬಣ್ಣದ ಪದರ ಕಿತ್ತರೆ ಒಳಗಿನ ಗಾಜು 125 ಮೈಕ್ರಾನ್, ತಲೆಗೂದಲಿನಷ್ಟು ಅನ್ನಿ. ಅದರ ನಡುವೆ ಬೆಳಕು ಓಡುವ ಜಾಗ ಸುಮಾರು 9 ಮೈಕ್ರಾನ್. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದಾಗ ಗಾಜು ಶುದ್ಧವಾಗಿದ್ದರೆ ಕೀಚ್ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳದೆ ನಾನು ಕ್ಲೀವರ್‌ಗೆ ಇಡುವುದಿಲ್ಲ. ಕ್ಲೀವರ್ ಗಾಜಿನ ತುದಿಯನ್ನು ನೇರ ಕತ್ತರಿಸುತ್ತದೆ, ಓರೆ ಒಂದು ಡಿಗ್ರಿಗಿಂತ ಕಡಿಮೆ ಇರಬೇಕು. ಬಿದ್ದ ಚೂರನ್ನು ತಕ್ಷಣ ಡಬ್ಬಿಗೆ ಹಾಕಬೇಕು, ಚರ್ಮಕ್ಕೆ ಚುಚ್ಚಿದರೆ ಕಣ್ಣಿಗೂ ಕಾಣುವುದಿಲ್ಲ. ಆಮೇಲೆ ಮಷಿನ್ ಎರಡು ತುದಿಯನ್ನು ಎದುರುಬದುರು ತಂದು ಕಿಡಿ ಹಾಯಿಸುತ್ತದೆ. ಕ್ಷಣದಲ್ಲಿ ಎರಡು ಗಾಜು ಕರಗಿ ಒಂದಾಗುತ್ತದೆ. ಪರದೆಯ ಮೇಲೆ 0.02 ಅಥವಾ 0.03 ಡಿಬಿ ಅಂತ ಬರುತ್ತದೆ. ಆ ಅಂಕಿ ಮಷಿನ್ ಚಿತ್ರ ನೋಡಿ ಮಾಡಿದ ಅಂದಾಜು. ಬೆಳಕು ಹಾಯಿಸಿ ಅಳೆದದ್ದಲ್ಲ.

ರಾತ್ರಿ ಒಂದೂವರೆಗೆ ಮುಗಿಯಿತು. ಕಚೇರಿಯಲ್ಲಿದ್ದವರು ಓಟಿಡಿಆರ್ (ಎಳೆಗೆ ಬೆಳಕು ಬಿಟ್ಟು ಎಲ್ಲಿ ಎಷ್ಟು ಕಳೆಯುತ್ತಿದೆ ಅಂತ ತೋರಿಸುವ ಮಷಿನ್) ಹಾಕಿ ‘ಲೈನ್ ಪೂರ್ತಿ ಕಾಣ್ತಿದೆ ಅಣ್ಣ’ ಅಂದರು. 1310 ನ್ಯಾನೋಮೀಟರ್ ಅಲೆಯ ಬೆಳಕಿನಲ್ಲಿ ಮಾತ್ರ ನೋಡಿದ್ದರು, ಅದೂ ಒಂದೇ ಕಡೆಯಿಂದ. ನಾನೂ 1550ರಲ್ಲಿ ಹಾಕಿ ಅಂತ ಹೇಳಲಿಲ್ಲ. ಚಳಿ, ಹಸಿವು, ಟವರಿನವರ ಫೋನ್ ಮೇಲೆ ಫೋನ್. ಗುಂಡಿ ಮುಚ್ಚಿಸಿ ಹೊರಟೆವು.

ಎಲ್ಲೆಲ್ಲೋ ಹುಡುಕಿದ್ದು

ಹೊಸ ವರ್ಷದ ಮೊದಲ ವಾರದಿಂದ ದೂರು ಶುರು. ಮೊದಲು ಅನುಮಾನ ಬಂದಿದ್ದು ಕರೆಂಟಿನ ಮೇಲೆ. ಬೆಳಗ್ಗೆ ತೋಟಗಳಿಗೆ ತ್ರೀ ಫೇಸ್ ಬಂದು ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದರೆ ಊರಿನ ವೋಲ್ಟೇಜ್ ಕುಸಿಯುತ್ತದೆ, ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಡೈರಿಗೆ ಸಣ್ಣ ಯುಪಿಎಸ್ ಕೊಟ್ಟೆವು. ಏನೂ ಬದಲಾಗಲಿಲ್ಲ. ಆಮೇಲೆ ಮೋಡೆಮ್ ಬದಲಾಯಿಸಿದೆವು, ಗೋಡೆಯ ಕನೆಕ್ಟರ್ ಬದಲಾಯಿಸಿದೆವು, ಕಂಬದಿಂದ ಡೈರಿಗೆ ಬರುವ ತೆಳು ಕೇಬಲ್ಲನ್ನೂ ಹೊಸದು ಎಳೆದೆವು. ಮೂರು ದಿನದ ಕೆಲಸ, ಸಾಮಾನಿನ ದುಡ್ಡು, ಎಲ್ಲಾ ದಂಡ.

ಯೋಚಿಸಿದ್ದರೆ ಒಂದು ಸುಳಿವು ಆಗಲೇ ಕೈಯಲ್ಲಿತ್ತು. ದೂರು ಡೈರಿಯದ್ದು ಒಂದೇ ಅಲ್ಲ. ಕೊನೇ ಬೀದಿಯ ನಾಲ್ಕು ಮನೆಯವರೂ ಹೇಳುತ್ತಿದ್ದರು. ಅದರಲ್ಲಿ ಒಂದು ಮನೆಯ ಹುಡುಗಿ ಬೆಳಗ್ಗೆ ಆರಕ್ಕೆ ಆನ್‌ಲೈನ್ ಕೋಚಿಂಗ್‌ಗೆ ಕೂರುತ್ತಾಳೆ. ‘ಅಂಕಲ್, ದಿನಾ ಮೊದಲನೇ ಕ್ಲಾಸ್ ಹೋಗ್ತಿದೆ’ ಅಂತ ಅವಳು ನನಗೆ ಎರಡು ಸಲ ಮೆಸೇಜ್ ಮಾಡಿದ್ದಳು. ಊರ ಮುಂದಿನ ಮನೆಗಳಿಗೆ ಏನೂ ಆಗಿರಲಿಲ್ಲ. ದಾರಿಯಲ್ಲಿ ಎಲ್ಲೋ ಬೆಳಕು ಕಡಿಮೆಯಾದರೆ ಮೊದಲು ಬೀಳುವುದು ಅಂಚಿನಲ್ಲಿರುವವರು, ಯಾರ ಹತ್ತಿರ ಐದು ಡಿಬಿಯೂ ಉಳಿದಿಲ್ಲವೋ ಅವರು. ಡೈರಿಯೂ ಅದೇ ಕೊನೇ ಬೀದಿಯಲ್ಲಿದೆ. ನಾವು ಮಾತ್ರ ಡೈರಿಯ ನಾಲ್ಕು ಗೋಡೆಯೊಳಗೇ ಹುಡುಕುತ್ತಿದ್ದೆವು.

ಆರು ಗಂಟೆಯ ಡೈರಿ

ಸೆಕ್ರೆಟರಿಯವರ ಮಾತಿನ ಮೇಲೆ ಮಾರನೇ ದಿನ ಐದೂಮುಕ್ಕಾಲಿಗೆ ಹೋದೆ. ಮಂಜು ಇನ್ನೂ ಹಿಪ್ಪುನೇರಳೆ ತೋಟದ ಮೇಲೇ ಕೂತಿತ್ತು. ಫೋನು 12 ಡಿಗ್ರಿ ತೋರಿಸುತ್ತಿತ್ತು. ಡೈರಿ ಮುಂದೆ ಕ್ಯಾನ್ ಹಿಡಿದವರ ಸಾಲು, ತಲೆಗೆಲ್ಲ ಟವೆಲ್ ಸುತ್ತಿಕೊಂಡು. ಸಂಪರ್ಕ ಇದ್ದರೆ ತೂಕ, ಫ್ಯಾಟು ಎಲ್ಲಾ ಕಂಪ್ಯೂಟರಿಗೆ ಹೋಗಿ ಚೀಟಿ ಬರುತ್ತದೆ. ಅವತ್ತು ಸೆಕ್ರೆಟರಿಯವರು ಪುಸ್ತಕದಲ್ಲಿ ಕೈಯಲ್ಲೇ ಬರೆಯುತ್ತಿದ್ದರು, ಸಾಲು ರಸ್ತೆವರೆಗೆ ಬೆಳೆದಿತ್ತು. ಒಬ್ಬ ಅಜ್ಜಿ ಎರಡು ಲೀಟರ್ ಹಾಲು ಹಿಡಿದು ಅರ್ಧ ಗಂಟೆಯಿಂದ ನಿಂತಿದ್ದರು. ಮೋಡೆಮ್ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು.

ಬೆಳಕು ಅಳೆಯುವ ಪವರ್ ಮೀಟರ್ ಹಾಕಿದೆ. ಮೈನಸ್ 28.1.

ಅಲ್ಲೇ ಕೂತೆ. ಎಂಟಕ್ಕೆ ಮೈನಸ್ 27.2. ಬಿಸಿಲು ಚುರುಕಾದ ಮೇಲೆ 26.4, ದೀಪ ಹಸಿರಾಯಿತು. ಹತ್ತು ಗಂಟೆಗೆ 24.9. ನಾವು ಮೂರು ಸಲ ಬಂದಾಗ ನೋಡಿ ‘ನಡೀತಿದೆಯಲ್ಲ’ ಅಂದುಕೊಂಡು ಹೋಗಿದ್ದು ಈ 24.9ನ್ನೇ. ಹಳೇ ದಾಖಲೆ ತೆಗೆದರೆ ಕೇಬಲ್ ತುಂಡಾಗುವ ಮುಂಚೆ ಅದೇ ಡೈರಿಯಲ್ಲಿ 22.3 ಇತ್ತು.

ಈಗ ಕಚೇರಿಗೆ ಫೋನ್ ಮಾಡಿ ಓಎಲ್‌ಟಿಯಲ್ಲಿ ಇದೇ ಮೋಡೆಮ್‌ನಿಂದ ಬರುವ ಬೆಳಕು ಎಷ್ಟಿದೆ ಕೇಳಿದೆ. ಒಂದೇ ಎಳೆಯಲ್ಲಿ ಎರಡು ಬೆಳಕು ಓಡುತ್ತದೆ ಅಲ್ವಾ. ಕಚೇರಿಯಿಂದ ಮನೆಗೆ 1490 ನ್ಯಾನೋಮೀಟರ್, ಮನೆಯಿಂದ ಕಚೇರಿಗೆ 1310. ಮನೆಗೆ ಬರುವ ಬೆಳಕು ಹಳೆಯದಕ್ಕಿಂತ ಎರಡೂವರೆ ಡಿಬಿ ಇಳಿದಿತ್ತು. ಕಚೇರಿಗೆ ಹೋಗುವ ಬೆಳಕು ಅರ್ಧ ಡಿಬಿ ಕೂಡ ಇಳಿದಿರಲಿಲ್ಲ.

ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು. ಕೊಳೆ ಕನೆಕ್ಟರ್ ಆಗಿದ್ದರೆ, ಕೆಟ್ಟ ಜಾಯಿಂಟ್ ಆಗಿದ್ದರೆ ಎರಡು ಬೆಳಕೂ ಹೆಚ್ಚು ಕಡಿಮೆ ಒಂದೇ ಸಮ ಇಳಿಯುತ್ತವೆ. ಉದ್ದ ಅಲೆಯ ಬೆಳಕು ಮಾತ್ರ ಸೋರುತ್ತಿದೆ ಅಂದರೆ ಎಲ್ಲೋ ಎಳೆ ಬಾಗಿದೆ. ತಿರುವು ಕಿರಿದಾದಷ್ಟೂ 1490, 1550 ಗಾಜಿನಿಂದ ಹೊರಗೆ ಚೆಲ್ಲುತ್ತವೆ. ಅದೇ ತಿರುವನ್ನು 1310 ಸುಮಾರಾಗಿ ದಾಟಿಬಿಡುತ್ತದೆ. ಆ ರಾತ್ರಿ ಓಟಿಡಿಆರ್ 1310ರಲ್ಲಿ ಎಲ್ಲಾ ಸರಿ ಅಂದಿದ್ದು ಅದಕ್ಕೇ.

ಮಧ್ಯಾಹ್ನ ಊರಿನವರಿಗೆ ಹೇಳಿ ಒಂದು ಗಂಟೆ ಲೈನ್ ತೆಗೆದೆವು. 1550ರಲ್ಲಿ, 100 ನ್ಯಾನೋಸೆಕೆಂಡಿನ ಪಲ್ಸ್ ಇಟ್ಟು ಹಾಕಿದೆವು. ಪಲ್ಸ್ ಚಿಕ್ಕದಿದ್ದಷ್ಟೂ ಹತ್ತಿರ ಹತ್ತಿರದ ಘಟನೆಗಳು ಬೇರೆ ಬೇರೆಯಾಗಿ ಕಾಣುತ್ತವೆ. 100 ನ್ಯಾನೋಸೆಕೆಂಡಿನ ಪಲ್ಸ್ ಗಾಜಿನಲ್ಲಿ ಸುಮಾರು 20 ಮೀಟರ್ ಉದ್ದ, ಬೆಳಕು ಹೋಗಿ ಬರುವುದರಿಂದ ಓಟಿಡಿಆರ್ ಲೆಕ್ಕದಲ್ಲಿ ಸುಮಾರು 10 ಮೀಟರ್. 4.12 ಮತ್ತು 4.15 ಕಿಲೋಮೀಟರಿನಲ್ಲಿ ನಮ್ಮ ಎರಡು ಹೊಸ ಜಾಯಿಂಟ್, ಓಟಿಡಿಆರ್ ಗೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲು (ಬೆಳಕು ಕಳೆದ ಗುರುತು). ಎರಡನೇ ಜಾಯಿಂಟ್‌ನಿಂದ 178 ಮೀಟರ್ ಮುಂದೆ ದೊಡ್ಡ ಮೆಟ್ಟಿಲು, ಮೂರು ಡಿಬಿ ಹತ್ತಿರ. ಅದೇ ಜಾಗ 1310ರಲ್ಲಿ ಅರ್ಧ ಡಿಬಿಯೂ ಇಲ್ಲ.

ಓಟಿಡಿಆರ್ ಹೇಳುವುದು ಗಾಜಿನ ಉದ್ದ, ರಸ್ತೆಯ ಉದ್ದ ಅಲ್ಲ. ಚಕ್ರದಲ್ಲಿ ಅಳೆದಾಗ ಜಾಯಿಂಟ್ ಗುಂಡಿಯಿಂದ ಹತ್ತುವ ಕಂಬಕ್ಕೆ 168 ಮೀಟರ್ ಬಂತು. ಕಂಬ ಹತ್ತುವ ಆರು ಮೀಟರ್ ಚಿಲ್ಲರೆ, ಎರಡೂ ಬಾಕ್ಸಿನೊಳಗೆ ಸುತ್ತಿದ ಎಳೆ ಮೂರು ಮೀಟರ್. ಲೆಕ್ಕ ನೇರ ಕಂಬದ ಮೇಲಿನ ಬಾಕ್ಸಿಗೇ ಬಂದು ನಿಂತಿತು.

ಬಾಕ್ಸಿನೊಳಗೆ

ಏಣಿ ಹಾಕಿ ಹತ್ತಿ ಮುಚ್ಚಳ ತೆಗೆದೆ. ನೀರಿಲ್ಲ, ಇರುವೆ ಇಲ್ಲ, ಒಳಗೆ ಚೊಕ್ಕವಾಗಿತ್ತು. ಎಳೆಗಳನ್ನು ಸುತ್ತಿಡುವ ಎರಡನೇ ಟ್ರೇ ಎತ್ತಿ ಟಾರ್ಚ್ ಹಿಡಿದೆ. ಟ್ಯೂಬ್ ಟ್ರೇಗೆ ಬರುವ ಬಾಯಲ್ಲಿ ಪ್ಲಾಸ್ಟಿಕ್ ಟೈ ಹಾಗೇ ಇತ್ತು, ಟ್ಯೂಬ್ ಮಾತ್ರ ಅದರಿಂದ ಕಳಚಿ ಹಿಂದಕ್ಕೆ ಹೋಗಿತ್ತು. ಒಂದು ಬೆರಳಿನ ಅಗಲಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಬರೀ ಎಳೆಗಳು ಟ್ರೇಯ ಅಂಚಿನ ಮೇಲೆ ಬಿದ್ದಿದ್ದವು. ಕಂದು ಎಳೆ ಎಲ್ಲಕ್ಕಿಂತ ಗಿಡ್ಡ ಇತ್ತು. ಅದು ಬಿಗಿದು, ಅಂಚಿನ ಮೇಲೆ ಕಿರುಬೆರಳಿನ ಉಗುರಿನಷ್ಟು ಪುಟ್ಟ ತಿರುವು ತಗೊಂಡಿತ್ತು. 30 ಮಿಲಿಮೀಟರಿಗಿಂತ ಕಿರಿದಾಗಿ ಬಾಗಿಸಬೇಡಿ ಅಂತ ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳುತ್ತೇವೆ. ಇಲ್ಲಿ ಐದಾರು ಮಿಲಿಮೀಟರ್.

ಟ್ಯೂಬ್ ಯಾಕೆ ಜಾರಿತು? ಕೇಬಲ್ ಬಾಕ್ಸಿಗೆ ಬರುವ ಕಡೆ ಒಂದು ಸಣ್ಣ ಕ್ಲಾಂಪ್ ಇರುತ್ತದೆ. ನಡುವಿನ ಎಫ್‌ಆರ್‌ಪಿ ಕಡ್ಡಿಯನ್ನು ಅದರಲ್ಲಿ ಇಟ್ಟು ತಿರುಪು ಬಿಗಿಯಬೇಕು. ಎಷ್ಟೇ ಎಳೆದರೂ ಭಾರ ಕಡ್ಡಿಯ ಮೇಲೆ ಬೀಳುತ್ತದೆ, ಟ್ಯೂಬುಗಳು ಸುರಕ್ಷಿತ. ಈ ಬಾಕ್ಸಿನಲ್ಲಿ ಕಡ್ಡಿಯನ್ನು ಗಿಡ್ಡ ಕತ್ತರಿಸಿದ್ದರು, ಕ್ಲಾಂಪಿಗೆ ಅದು ಮುಟ್ಟುತ್ತಲೇ ಇರಲಿಲ್ಲ. ಜೊತೆಗೆ ನೆಲದ ಕಡೆಯ ಕೇಬಲ್ಲಿಗೆ ಲೂಪ್ (ಸುತ್ತಿಟ್ಟ ಹೆಚ್ಚುವರಿ ಕೇಬಲ್) ಇರಲಿಲ್ಲ, ಹಿಂದೆ ಯಾವುದೋ ರಿಪೇರಿಗೆ ಅದು ಖರ್ಚಾಗಿತ್ತು. ಲೂಪ್ ಇದ್ದಿದ್ದರೆ ಜೆಸಿಬಿ ಎಳೆದಾಗ ಅದು ಬಿಚ್ಚಿಕೊಳ್ಳುತ್ತಿತ್ತು, ಬಾಕ್ಸಿನವರೆಗೆ ಎಳೆತ ಬರುತ್ತಿರಲಿಲ್ಲ.

ಬೆಳಗ್ಗೆ ಮಾತ್ರ ಯಾಕೆ? ಚಳಿಗೆ ಪ್ಲಾಸ್ಟಿಕ್ ಟ್ಯೂಬ್ ಗಾಜಿಗಿಂತ ಎಷ್ಟೋ ಜಾಸ್ತಿ ಕುಗ್ಗುತ್ತದೆ. ರಾತ್ರಿಯೆಲ್ಲ ಮಂಜಿನಲ್ಲಿ ನಿಂತ ಕಂಬದ ಬಾಕ್ಸಿನಲ್ಲಿ, ಕಟ್ಟು ತಪ್ಪಿದ ಟ್ಯೂಬ್ ಇನ್ನೊಂದು ಸ್ವಲ್ಪ ಹಿಂದೆ ಸರಿದು ಆ ತಿರುವನ್ನು ಬಿಗಿ ಮಾಡುತ್ತಿತ್ತು. ಬಿಸಿಲು ಬಿದ್ದ ಮೇಲೆ ಸಡಿಲ. ಡಿಸೆಂಬರ್ ಬದಲು ಏಪ್ರಿಲ್‌ನಲ್ಲಿ ಕೇಬಲ್ ತುಂಡಾಗಿದ್ದರೆ ಮುಂದಿನ ಚಳಿಗಾಲದವರೆಗೆ ಇದು ಗೊತ್ತಾಗುತ್ತಲೇ ಇರಲಿಲ್ಲವೇನೋ.

ರಿಪೇರಿ

ಎಳೆಯನ್ನು ಬೆರಳಿನಿಂದ ಸರಿಸಿ ಹೊಸ ಟೈ ಹಾಕಿ ಇಳಿದಿದ್ದರೆ ಹತ್ತೇ ನಿಮಿಷ. ನಾನು ಒಪ್ಪಲಿಲ್ಲ. ಎಳೆತ ತಿಂದ ಗಾಜಿನಲ್ಲಿ ಸಣ್ಣ ಬಿರುಕು ಬಿದ್ದಿರಬಹುದು, ಅದು ಮುಂದೆ ಯಾವತ್ತೋ ಒಂದು ದಿನ ಪೂರ್ತಿ ತುಂಡಾಗುತ್ತದೆ. ಕಡ್ಡಿಯೂ ಗಿಡ್ಡ. ಆದ್ದರಿಂದ ನೆಲದ ಕಡೆಯ ಕೇಬಲ್ಲನ್ನು ಹೊಸದಾಗಿ ಸುಲಿಯಲೇಬೇಕು. ಅದಕ್ಕೆ ಒಂದೂವರೆ ಮೀಟರ್ ಉದ್ದ ಬೇಕು, ಲೂಪ್ ಇಲ್ಲ. ನಮ್ಮ ಜೊತೆಯ ಹುಡುಗನೇ ದಾರಿ ಹೇಳಿದ: ‘ಅಣ್ಣ, ಕೇಬಲ್ ಮೇಲೆ ಬರಲ್ಲ ಅಂದ್ರೆ ಬಾಕ್ಸನ್ನೇ ಕೆಳಗೆ ತರೋಣ.’ ಮೇಲಿನ ಕೇಬಲ್ಲಿಗೆ ಲೂಪ್ ಇತ್ತು. ಬಾಕ್ಸನ್ನು ಕಂಬದಲ್ಲಿ ಒಂದೂವರೆ ಮೀಟರ್ ಕೆಳಗೆ ಇಳಿಸಿದೆವು.

ಭಾನುವಾರ ಹನ್ನೊಂದಕ್ಕೆ ಶುರು ಮಾಡಿ ಮೂರಕ್ಕೆ ಮುಗಿಸಿದೆವು. ಮೊದಲು ಊರಿನ ಎಳೆ, ಆಮೇಲೆ ಟವರಿನದು, ಆಮೇಲೆ ಉಳಿದ 22. ಕಡ್ಡಿಯನ್ನು ಉದ್ದ ಬಿಟ್ಟು ಕ್ಲಾಂಪಿನಲ್ಲಿ ಬಿಗಿದು, ಕೈಯಲ್ಲಿ ಕೇಬಲ್ ಎಳೆದು ನೋಡಿದೆ. ಟ್ಯೂಬ್ ಅಲ್ಲಾಡಲಿಲ್ಲ. ಈ ಸಲ ಓಟಿಡಿಆರ್ ಎರಡೂ ಕಡೆಯಿಂದ, ಎರಡೂ ಅಲೆಯಲ್ಲಿ. ಎರಡೂ ಕಡೆ ಯಾಕೆ ಅಂದರೆ, ಹಳೇ ಗಾಜು ಮತ್ತು ಹೊಸ ಗಾಜು ಸೇರಿದ ಕಡೆ ಒಂದೇ ಕಡೆಯ ಅಂಕಿ ಮೋಸ ಮಾಡುತ್ತದೆ. ಡಿಸೆಂಬರಿನ ಒಂದು ಜಾಯಿಂಟ್ ಕಚೇರಿ ಕಡೆಯಿಂದ ಮೈನಸ್ 0.06 ತೋರಿಸಿತು, ಜಾಯಿಂಟ್‌ನಲ್ಲಿ ಬೆಳಕು ಹೆಚ್ಚಾದ ಹಾಗೆ. ಆ ಕಡೆಯಿಂದ 0.18. ಸರಾಸರಿ 0.06, ಅದೇ ನಿಜ.

ಸೋಮವಾರ ಬೆಳಗ್ಗೆ ಮತ್ತೆ ಡೈರಿಗೆ ಹೋದೆ. ಆರು ಗಂಟೆ, 13 ಡಿಗ್ರಿ, ಮೈನಸ್ 22.2. ಸೆಕ್ರೆಟರಿಯವರು ಚೀಟಿ ಹರಿದು ಕೊಡುತ್ತಾ ನನ್ನ ಕಡೆ ನೋಡಿ ತಲೆ ಆಡಿಸಿದರು, ಸಾಲು ಬಾಗಿಲ ಹತ್ತಿರಕ್ಕೇ ಮುಗಿದಿತ್ತು. ಆ ಹುಡುಗಿಗೆ ಮೆಸೇಜ್ ಮಾಡಿದೆ. ‘ಕ್ಲಾಸಲ್ಲಿದೀನಿ ಅಂಕಲ್’ ಅಂತ ಬಂತು. ಟವರಿನವರ ಬೆಳಕೂ ಎರಡು ಡಿಬಿ ಏರಿತ್ತು. ಅದು ಇಳಿದಿದ್ದೇ ಅವರಿಗೆ ಗೊತ್ತಿರಲಿಲ್ಲ.

ಈಗ ನಮ್ಮಲ್ಲಿ ಕೇಬಲ್ ಎಳೆದು ಹರಿದಾಗ ಎರಡೂ ಪಕ್ಕದ ಬಾಕ್ಸ್ ತೆರೆಯದೆ, 1550ರಲ್ಲಿ ನೋಡದೆ ಯಾರೂ ಸಾಮಾನು ಕಟ್ಟುವುದಿಲ್ಲ. ಆ ಕಂಬದಲ್ಲಿ ನೆಲದ ಕಡೆ ಲೂಪ್ ಇನ್ನೂ ಇಲ್ಲ, ಮುಂದಿನ ಸಲ ಹೊಸ ಕೇಬಲ್ ಹಾಕುವಾಗ ಬಿಡಬೇಕು. ಅದೇ ಕಾಲದಲ್ಲಿ ಹಾಕಿದ ಇನ್ನೂ ಮೂರು ಬಾಕ್ಸ್ ಈ ದಾರಿಯಲ್ಲಿವೆ. ಎರಡನ್ನು ತೆರೆದು ನೋಡಿದೆವು. ಒಂದರಲ್ಲಿ ಕಡ್ಡಿ ಸರಿಯಾಗಿ ಬಿಗಿದಿತ್ತು, ಇನ್ನೊಂದರಲ್ಲಿ ಇಲ್ಲಿಯ ಹಾಗೇ ಗಿಡ್ಡ. ಅದನ್ನು ಸರಿ ಮಾಡಿದ್ದೇವೆ. ಮೂರನೆಯದು ಕೆರೆ ಕಟ್ಟೆಯ ಮೇಲಿನ ಕಂಬದ್ದು, ಈ ಭಾನುವಾರ ತೆರೆಯುತ್ತೇವೆ.